ಮುನ್ನೂರು ಡಿಪಿಐ ಇದ್ದೂ ಓದಲಾಗದ ನಕ್ಷೆ

ಮಾಲೂರು ಮತ್ತು ಕೋಲಾರದ ನಡುವಿನ ಕೆರೆಗಳನ್ನು ಕುರಿತು ನಾವು ಕೆಲವು ಗೆಳೆಯರು ಸೇರಿ ಒಂದು ಕಿರುಹೊತ್ತಗೆಯನ್ನು ಸಿದ್ಧಪಡಿಸುತ್ತಿದ್ದೆವು. ಬರೆಯುವ ಕೆಲಸವನ್ನು ಉಳಿದವರು ಹಂಚಿಕೊಂಡರು. ನಕ್ಷೆ ಬಿಡಿಸುವ ಕ್ಯೂಜಿಐಎಸ್ ತಂತ್ರಾಂಶವನ್ನು ಅಷ್ಟಿಷ್ಟು ಬಲ್ಲವನೆಂಬ ಕಾರಣಕ್ಕೆ ನಕ್ಷೆಯ ಕೆಲಸ ನನ್ನ ಪಾಲಿಗೆ ಬಂತು. ಪುಟವಿನ್ಯಾಸ ಮಾಡುವ ಹುಡುಗ ನನ್ನನ್ನು ಕೇಳಿದ್ದು ಒಂದೇ ಮಾತು: "ಸಾರ್, 300 ಡಿಪಿಐ ಇರಲಿ." ಡಿಪಿಐ ಎಂದರೆ ಒಂದು ಅಂಗುಲದ ಉದ್ದದಲ್ಲಿ ಕೂರುವ ಚುಕ್ಕೆಗಳ, ಅಂದರೆ ಪಿಕ್ಸೆಲ್‌ಗಳ, ಎಣಿಕೆ. ನಾನು ಕಳುಹಿಸಿದೆ. ಮರುದಿನ ಅವನಿಂದ ಫೋನ್ ಬಂತು. "ಸಾರ್, 300 ಡಿಪಿಐ ಏನೋ ಇದೆ. ಆದರೆ ಊರಿನ ಹೆಸರು ಓದೋಕೇ ಆಗ್ತಿಲ್ಲ, ಇರುವೆ ಸಾಲು ಹೋದ ಹಾಗೆ ಕಾಣುತ್ತೆ."

ಅವನು ಹೇಳಿದ ಎರಡು ಮಾತೂ ನಿಜವಾಗಿದ್ದವು. ನಕ್ಷೆಯನ್ನು ಚಿತ್ರವಾಗಿಸುವಾಗ ತೆರೆದುಕೊಳ್ಳುವ ಆ ಪುಟ್ಟ ಕಿಟಕಿಯಲ್ಲಿರುವ ಸಂಖ್ಯೆಗಳು ಒಂದಕ್ಕೊಂದು ಹೇಗೆ ಹೆಣೆದುಕೊಂಡಿವೆ ಎಂಬುದು ನನಗೆ ತಿಳಿದದ್ದು ಈ ಒಗಟನ್ನು ಬಿಡಿಸಲು ಕುಳಿತಾಗಲೇ. ಆದ್ದರಿಂದ ನಡೆದದ್ದನ್ನು ಲೆಕ್ಕಸಮೇತ ಬರೆದಿಡುತ್ತಿದ್ದೇನೆ.

ನಾನು ಮೊದಲು ಹಿಡಿದದ್ದು ಎಲ್ಲರೂ ಹಿಡಿಯುವ ಒಳದಾರಿಯನ್ನು. ಪ್ರಾಜೆಕ್ಟ್ ಮೆನುವಿನಲ್ಲಿ ‘ಎಕ್ಸ್‌ಪೋರ್ಟ್ ಮ್ಯಾಪ್ ಟು ಇಮೇಜ್’ ಎಂಬ ಆಯ್ಕೆಯಿದೆ. ಪರದೆಯ ಮೇಲೆ ಕಾಣುತ್ತಿರುವ ನಕ್ಷೆಯನ್ನು ಅದು ಹಾಗೆಯೇ ಚಿತ್ರವಾಗಿ ಉಳಿಸಿಕೊಡುತ್ತದೆ. ನನ್ನ ಪರದೆಯಲ್ಲಿ ನಕ್ಷೆಯ ಭಾಗ ಸುಮಾರು 1300 ಪಿಕ್ಸೆಲ್ ಅಗಲವಿತ್ತು, ರೆಸಲ್ಯೂಶನ್ ಎಂಬಲ್ಲಿ 96 ಎಂದಿತ್ತು. ಪುಸ್ತಕ ಡೆಮಿ 1/8 ಆಕಾರದ್ದು. ಅಂಚುಗಳನ್ನು ಬಿಟ್ಟರೆ ಚಿತ್ರಕ್ಕೆ ಸಿಗುವ ಅಗಲ 11 ಸೆಂಟಿಮೀಟರ್. 11 ಸೆಂಟಿಮೀಟರ್ ಎಂದರೆ 4.33 ಅಂಗುಲ, ಅದನ್ನು 300ರಿಂದ ಗುಣಿಸಿದರೆ 1299. ಅಂದರೆ ನನ್ನ 1300 ಪಿಕ್ಸೆಲ್‌ಗಳ ಚಿತ್ರ ಆ ಪುಟದಲ್ಲಿ ಕುಳಿತಾಗ ಅದು ನಿಜವಾಗಿಯೂ 300 ಡಿಪಿಐ ಚಿತ್ರವೇ ಆಗಿತ್ತು. ಹುಡುಗನ ತಂತ್ರಾಂಶ ಹೇಳಿದ್ದರಲ್ಲಿ ತಪ್ಪಿರಲಿಲ್ಲ.

ತಪ್ಪಿದ್ದದ್ದು ಬೇರೆ ಕಡೆ. 96 ಡಿಪಿಐ ಲೆಕ್ಕದಲ್ಲಿ 1300 ಪಿಕ್ಸೆಲ್‌ಗಳ ಅಗಲವೆಂದರೆ 34 ಸೆಂಟಿಮೀಟರಿಗೂ ಸ್ವಲ್ಪ ಹೆಚ್ಚು. ಕ್ಯೂಜಿಐಎಸ್‌ನಲ್ಲಿ ಅಕ್ಷರದ ಗಾತ್ರವನ್ನು ಪಾಯಿಂಟ್‌ಗಳಲ್ಲಿ (ಒಂದು ಪಾಯಿಂಟ್ ಎಂದರೆ ಅಂಗುಲದ 72ನೆಯ ಒಂದು ಭಾಗ), ಗೆರೆಯ ದಪ್ಪವನ್ನು ಮಿಲಿಮೀಟರ್‌ಗಳಲ್ಲಿ ಕೊಡುತ್ತೇವೆ. ಆ ಅಳತೆಗಳು ಅನ್ವಯಿಸುವುದು 34 ಸೆಂಟಿಮೀಟರ್ ಅಗಲದ ಒಂದು ಕಾಲ್ಪನಿಕ ಹಾಳೆಗೆ. ನಾನು ಊರಿನ ಹೆಸರುಗಳಿಗೆ 9 ಪಾಯಿಂಟ್ ಕೊಟ್ಟಿದ್ದೆ. ಆ ಹಾಳೆಯನ್ನು 11 ಸೆಂಟಿಮೀಟರಿಗೆ ಕುಗ್ಗಿಸಿದಾಗ 9 ಪಾಯಿಂಟ್ ಅಕ್ಷರ 3 ಪಾಯಿಂಟಿಗೂ ಕಡಿಮೆಯಾಯಿತು. ಪಿಕ್ಸೆಲ್‌ಗಳ ಎಣಿಕೆ ಸಾಕಷ್ಟಿತ್ತು, ಆದರೆ ಅಕ್ಷರಗಳು ಬೇರೊಂದು ಹಾಳೆಗೆಂದು ಅಳತೆ ಕೊಟ್ಟು ಹೊಲಿಸಿದ ಅಂಗಿಯಂತಿದ್ದವು.

ಇದು ತಿಳಿಯುವ ಮೊದಲು ಇನ್ನೊಂದು ಪೆದ್ದು ಕೆಲಸವನ್ನೂ ಮಾಡಿದ್ದೆನೆಂದು ಒಪ್ಪಿಕೊಳ್ಳಬೇಕು. ಅದೇ ಚಿತ್ರವನ್ನು ಫೋಟೊ ತಿದ್ದುವ ತಂತ್ರಾಂಶವೊಂದರಲ್ಲಿ ತೆರೆದು, ರೆಸಲ್ಯೂಶನ್ ಎಂಬಲ್ಲಿ 96 ಅಳಿಸಿ 600 ಎಂದು ಬರೆದು ಉಳಿಸಿ ಕಳುಹಿಸಿದೆ. ಏನೂ ಬದಲಾಗಲಿಲ್ಲ, ಬದಲಾಗುವುದೂ ಇಲ್ಲ. ಉಳಿಸಿದ ಚಿತ್ರದೊಳಗಿನ ಡಿಪಿಐ ಎಂಬುದು ಮುದ್ರಿಸುವವರಿಗೆ ಬರೆದಿಟ್ಟ ಒಂದು ಚೀಟಿ ಮಾತ್ರ. ಚೀಟಿಯ ಮೇಲಿನ ಅಂಕಿ ಬದಲಾದರೆ ಡಬ್ಬಿಯೊಳಗಿನ ಬೆಲ್ಲ ಹೆಚ್ಚುವುದಿಲ್ಲ. ನಕ್ಷೆಯನ್ನು ತಂತ್ರಾಂಶ ಬಿಡಿಸುವ ಹೊತ್ತಿನಲ್ಲಿ ಮಾತ್ರ ಡಿಪಿಐಗೆ ನಿಜವಾದ ಅಧಿಕಾರವಿರುತ್ತದೆ. ಕ್ಯೂಜಿಐಎಸ್ ತಾನಾಗಿ ಹಾಕುವ ಗೆರೆಯ ದಪ್ಪ 0.26 ಮಿಲಿಮೀಟರ್. 96 ಡಿಪಿಐನಲ್ಲಿ ಅದು ಸರಿಸುಮಾರು 1 ಪಿಕ್ಸೆಲ್, 300 ಡಿಪಿಐನಲ್ಲಿ 3 ಪಿಕ್ಸೆಲ್. ಹಾಳೆಯ ಮೇಲೆ ಎರಡೂ ಒಂದೇ ದಪ್ಪ. ಎರಡನೆಯದಕ್ಕೆ ಅಂಚು ನಯವಾಗಿರುತ್ತದೆ.

ಆ ಒಳದಾರಿಯ ಕಿಟಕಿಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ರೆಸಲ್ಯೂಶನ್ ಹೆಚ್ಚಿಸಿದರೆ ಅಗಲ ಮತ್ತು ಎತ್ತರದ ಪಿಕ್ಸೆಲ್‌ಗಳೂ ಅದೇ ಪ್ರಮಾಣದಲ್ಲಿ ತಾವಾಗಿ ಹೆಚ್ಚುತ್ತವೆ. ಆದರೆ ರೆಸಲ್ಯೂಶನ್ ಮುಟ್ಟದೆ ಅಗಲದ ಪಿಕ್ಸೆಲ್‌ಗಳನ್ನು ಮಾತ್ರ ದುಪ್ಪಟ್ಟು ಮಾಡಿದರೆ ಚಿತ್ರ ಹೆಚ್ಚು ಸ್ಪಷ್ಟವಾಗುತ್ತದೆ ಎಂದು ಎಣಿಸಬಾರದು. ನಕ್ಷೆಯ ಪ್ರಮಾಣ (ಸ್ಕೇಲ್) ಇದ್ದಂತೆಯೇ ಇದ್ದು, ಚಿತ್ರದೊಳಗೆ ಬರುವ ನೆಲದ ವ್ಯಾಪ್ತಿ ಹಿಗ್ಗುತ್ತದೆ. ನನಗೆ ಬೇಡವಾದ ಹೊಸಕೋಟೆಯ ಕಡೆಯ ಊರುಗಳು ಚಿತ್ರದೊಳಗೆ ನುಗ್ಗಿ ಬಂದದ್ದು ಹೀಗೆಯೇ. ಯಾರಿಗಾದರೂ ತಟ್ಟನೆ ಒಂದು ಚಿತ್ರ ಕಳುಹಿಸಲು ಈ ಕಿಟಕಿ ಸಾಕು. ಅಚ್ಚಿಗೆ ಹೋಗುವ ನಕ್ಷೆಗೆ ಇದು ದಾರಿಯಲ್ಲ ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ಅಚ್ಚಿನ ನಕ್ಷೆಗೆ ಬೇಕಾದದ್ದು ಪ್ರಿಂಟ್ ಲೇಔಟ್, ಅಂದರೆ ನಕ್ಷೆಯನ್ನು ಒಂದು ಹಾಳೆಯ ಮೇಲೆ ಜೋಡಿಸಿಕೊಳ್ಳುವ ಕಿಟಕಿ. ಹೊಸ ಲೇಔಟ್ ತೆರೆದ ಕೂಡಲೇ ಎ4 ಹಾಳೆಯೊಂದು ಅಡ್ಡಲಾಗಿ ಬಂದು ನಿಲ್ಲುತ್ತದೆ, ನಾವು ಅದರ ಮೇಲೆಯೇ ಕೆಲಸ ಶುರು ಮಾಡಿಬಿಡುತ್ತೇವೆ. ಹಾಗೆ ಮಾಡಿದರೆ ಹಳೆಯ ತಪ್ಪೇ ಬೇರೆ ವೇಷದಲ್ಲಿ ಮರಳುತ್ತದೆ. ಎ4 ಹಾಳೆಯ 29.7 ಸೆಂಟಿಮೀಟರ್ ಅಗಲ 11ಕ್ಕೆ ಕುಗ್ಗಿದಾಗ 9 ಪಾಯಿಂಟ್ ಅಕ್ಷರ 3.3 ಪಾಯಿಂಟ್ ಆಗುತ್ತದೆ. ಆದ್ದರಿಂದ ನಾನು ಹಾಳೆಯ ಮೇಲೆ ಬಲ ಕ್ಲಿಕ್ ಮಾಡಿ, ಪೇಜ್ ಪ್ರಾಪರ್ಟೀಸ್‌ಗೆ ಹೋಗಿ, ಗಾತ್ರವನ್ನು ಕಸ್ಟಮ್ ಎಂದು ಆರಿಸಿ, ಅಗಲಕ್ಕೆ 110 ಮಿಲಿಮೀಟರ್, ಎತ್ತರಕ್ಕೆ 170 ಮಿಲಿಮೀಟರ್ ಎಂದು ಬರೆದೆ. ಹಾಳೆಯೆಂದರೆ ಪುಸ್ತಕದಲ್ಲಿ ಚಿತ್ರ ಕೂರುವ ಜಾಗವೇ, ಒಂದು ಕೂದಲೆಳೆಯೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಇದನ್ನು ನಕ್ಷೆಯ ಮೊದಲ ಗೆರೆ ಎಳೆಯುವ ಮೊದಲೇ ಮಾಡಬೇಕು ಎಂಬುದೊಂದೇ ನಾನು ಈ ಇಡೀ ಪ್ರಸಂಗದಿಂದ ಪಡೆದದ್ದು. ಚಿತ್ರವಾಗಿಸುವುದು ಕೊನೆಯಲ್ಲಿ ಒತ್ತುವ ಗುಂಡಿ ಎಂದುಕೊಂಡಿದ್ದೆ. ಆ ಗುಂಡಿಗೆ ಬೇಕಾದ ಉತ್ತರಗಳನ್ನು ಮೊದಲೇ ಕೊಟ್ಟಿರಬೇಕು ಎಂದು ನನಗೆ ಯಾರೂ ಹೇಳಿರಲಿಲ್ಲ.

ಹಾಳೆಯ ಗಾತ್ರ ನಿಶ್ಚಯವಾದ ಮೇಲೆ ಪ್ರಮಾಣ ತಾನಾಗಿ ನಿಶ್ಚಯವಾಯಿತು. ನಮಗೆ ಬೇಕಾದ ಪ್ರದೇಶ 11 ಕಿಲೋಮೀಟರ್ ಅಗಲ, 17 ಕಿಲೋಮೀಟರ್ ಉದ್ದದೊಳಗೆ ಅಡಗುತ್ತಿತ್ತು, ಆದ್ದರಿಂದ 1:1,00,000, ಅಂದರೆ ಹಾಳೆಯ ಒಂದು ಸೆಂಟಿಮೀಟರಿಗೆ ನೆಲದ ಒಂದು ಕಿಲೋಮೀಟರ್. ಕೆರೆಯ ಏರಿಗೆ ದಪ್ಪ ಗೆರೆ, ಕೋಡಿಗೂ ತೂಬಿಗೂ ಪುಟ್ಟ ಗುರುತು, ಅಚ್ಚುಕಟ್ಟಿಗೆ ತೆಳು ಛಾಯೆ ಎಂದು ಎಲ್ಲವನ್ನೂ ಆ ಅಳತೆಯಲ್ಲಿಯೇ ನೋಡಿ ನೋಡಿ ಕೊಟ್ಟೆ. ಪರದೆಯ ಮೇಲೆ ಲೇಔಟನ್ನು ನೂರಕ್ಕೆ ನೂರು ಗಾತ್ರದಲ್ಲಿಟ್ಟು ನೋಡಿದರೆ ಪುಸ್ತಕದಲ್ಲಿ ಅದು ಹೇಗೆ ಕಂಡೀತು ಎಂಬುದರ ಅಂದಾಜು ಸಿಗುತ್ತದೆ.

ಇಲ್ಲಿ ಕನ್ನಡ ಅಕ್ಷರಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಂಗ್ಲಿಷ್ ನಕ್ಷೆಗೆ ಸಾಕಾಗುವ ಸಂಖ್ಯೆಗಳು ನಮಗೆ ಸಾಲುವುದಿಲ್ಲ. ರೋಮನ್ ಲಿಪಿಯಲ್ಲಿ 6 ಪಾಯಿಂಟ್ ಹೆಸರನ್ನು ಕಣ್ಣು ಕಿರಿದು ಮಾಡಿಯಾದರೂ ಓದಬಹುದು. ಕನ್ನಡದಲ್ಲಿ ಒತ್ತಕ್ಷರ ಗೆರೆಯ ಕೆಳಗೆ ಇಳಿಯುತ್ತದೆ, ಗುಣಿತದ ಚಿಹ್ನೆ ತಲೆಯ ಮೇಲೆ ಏರುತ್ತದೆ, ನಡುವಿನ ಮೂಲಾಕ್ಷರಕ್ಕೆ ಉಳಿಯುವುದು ಆ ಎತ್ತರದ ಒಂದು ಪಾಲು ಮಾತ್ರ. 8 ಪಾಯಿಂಟ್ ಅಕ್ಷರಕ್ಕೆ 96 ಡಿಪಿಐನಲ್ಲಿ ಸಿಗುವುದು 11 ಪಿಕ್ಸೆಲ್ ಎತ್ತರ. ಅಷ್ಟರೊಳಗೆ ‘ದೊಡ್ಡಹಳ್ಳ’ ಎಂಬ ಹೆಸರಿನ ಎರಡು ಒತ್ತುಗಳನ್ನೂ ಮೂಡಿಸಹೊರಟರೆ ಅವು ಎರಡು ಮಸಿಯ ಚುಕ್ಕೆಗಳಾಗುತ್ತವೆ. 300 ಡಿಪಿಐನಲ್ಲಿ ಅದೇ ಅಕ್ಷರಕ್ಕೆ 33 ಪಿಕ್ಸೆಲ್ ಸಿಗುತ್ತದೆ; ಡಕಾರದ ಒತ್ತು ಯಾವುದು, ಳಕಾರದ ಒತ್ತು ಯಾವುದು ಎಂದು ಆಗ ಬಿಡಿಸಿ ಕಾಣಬಹುದು. ಹೀಗಾಗಿ ಊರಿನ ಹೆಸರಿಗೆ 8 ಪಾಯಿಂಟ್‌ಗಿಂತ ಕಡಿಮೆ ಬೇಡ, ಚಿತ್ರಕ್ಕೆ 300ಕ್ಕಿಂತ ಕಡಿಮೆ ಬೇಡ ಎಂದು ನಾನು ನಿರ್ಧರಿಸಿದೆ. ಹೆಸರುಗಳು ಕಿಕ್ಕಿರಿದರೆ ಅಕ್ಷರವನ್ನು ಕಿರಿದುಗೊಳಿಸುವುದಕ್ಕಿಂತ ಕೆಲವು ಊರುಗಳನ್ನು ಕೈಬಿಡುವುದು ಮೇಲು. ಕೈಬಿಟ್ಟ ಊರಿನ ಗೆಳೆಯರೊಬ್ಬರು ಇನ್ನೂ ನನ್ನ ಮೇಲೆ ಮುನಿಸಿಕೊಂಡಿದ್ದಾರೆ ಎಂಬುದು ಬೇರೆ ಮಾತು.

ದೊಡ್ಡಹಳ್ಳದ ಮಾತು ಬಂದದ್ದರಿಂದ ಇನ್ನೊಂದನ್ನೂ ಹೇಳಿಬಿಡುತ್ತೇನೆ. ಹಳ್ಳದ ಬಾಗಿಗೆ ತಕ್ಕಂತೆ ಹೆಸರನ್ನೂ ಬಾಗಿಸಿ ಬರೆಯುವ ಸೌಲಭ್ಯ ನೋಡಲು ಚೆಂದ. ಆದರೆ ಅದು ಹೆಸರನ್ನು ಬಿಡಿ ಅಕ್ಷರಗಳಾಗಿ ಒಡೆದು ಗೆರೆಯ ಗುಂಟ ಜೋಡಿಸುತ್ತದೆ, ನಾನು ಬಳಸುತ್ತಿದ್ದ ಹಳೆಯ ಆವೃತ್ತಿಯಲ್ಲಿ ಒತ್ತಕ್ಷರಗಳು ತಾಯಿಯ ಕೈ ಬಿಟ್ಟ ಮಕ್ಕಳಂತೆ ಬೇರೆ ಬೇರೆಯಾಗಿ ನಿಂತಿದ್ದವು. ಕನ್ನಡದ ಹೆಸರುಗಳಿಗೆ ನಾನು ಈಗಲೂ ಅಡ್ಡ ಬರಹವನ್ನೇ ಆರಿಸುತ್ತೇನೆ. ಚಿತ್ರವಾಗಿಸಿದ ಮೇಲೆ ದೊಡ್ಡದು ಮಾಡಿ ನೋಡದೆ ಕಳುಹಿಸುವುದೂ ಇಲ್ಲ.

ಪಿಡಿಎಫ್ ಅಥವಾ ಎಸ್‌ವಿಜಿಯಾಗಿ ಕೊಡಬಹುದಿತ್ತಲ್ಲ, ಗೆರೆಗಳು ಎಷ್ಟು ಹಿಗ್ಗಿಸಿದರೂ ಒಡೆಯುವುದಿಲ್ಲವಲ್ಲ ಎಂದು ಬಲ್ಲವರು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ನಮ್ಮಲ್ಲಿ ಪುಟವಿನ್ಯಾಸ ನಡೆಯುವ ಅನೇಕ ಕಡೆ ಯುನಿಕೋಡ್ ಕನ್ನಡವನ್ನು ಸರಿಯಾಗಿ ಮೂಡಿಸಲಾರದ ಹಳೆಯ ತಂತ್ರಾಂಶಗಳೇ ಇಂದಿಗೂ ಬಳಕೆಯಲ್ಲಿವೆ. ಅಕ್ಷರಗಳನ್ನು ಅಕ್ಷರಗಳಾಗಿಯೇ ಹೊತ್ತ ಕಡತ ಅಲ್ಲಿಗೆ ಹೋದರೆ, ನಾವು ಬಳಸಿದ ಫಾಂಟ್ ಆ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ, ಹೆಸರುಗಳು ಚೌಕಗಳಾಗಿ ಮಾರ್ಪಡುವ ಅಪಾಯವಿದೆ. ಅಕ್ಷರಗಳನ್ನು ಆಕೃತಿಗಳಾಗಿ ಬದಲಿಸಿ ಕಳುಹಿಸುವ ಆಯ್ಕೆ ಆ ಕಿಟಕಿಗಳಲ್ಲಿಯೂ ಇದೆ, ಅದು ಒಳ್ಳೆಯದೇ. ಆದರೂ ಚಿತ್ರದಲ್ಲಿ ಅಕ್ಷರ ಪಿಕ್ಸೆಲ್‌ಗಳಾಗಿಬಿಟ್ಟಿರುತ್ತದೆ. ಯಾರ ಕಂಪ್ಯೂಟರಿನಲ್ಲಿ ಏನಿದೆ, ಏನಿಲ್ಲ ಎಂಬ ಚಿಂತೆ ಅದಕ್ಕಿಲ್ಲ.

ಚಿತ್ರದ ಬಗೆಯ ವಿಷಯದಲ್ಲಿ ಹೆಚ್ಚು ಚರ್ಚೆಗೆ ಎಡೆಯಿಲ್ಲ: ಪಿಎನ್‌ಜಿ. ಜೆಪೆಗ್ ವಿಧಾನವು ಚಿತ್ರವನ್ನು 8 ಪಿಕ್ಸೆಲ್ ಉದ್ದಗಲದ ಚೌಕಗಳಾಗಿ ಕತ್ತರಿಸಿ, ಕಣ್ಣು ಗಮನಿಸಲಾರದು ಎಂದೆಣಿಸಿದ ವಿವರಗಳನ್ನು ಎಸೆಯುತ್ತದೆ. ಮುಖ, ಮೋಡ, ಹಸಿರು ಗದ್ದೆಯ ಫೋಟೊಗೆ ಅದು ನಡೆದೀತು. ಬಿಳಿಯ ಮೇಲೆ ಕಪ್ಪು ಅಕ್ಷರ, ತೆಳುವಾದ ಕೆಂಪು ಗಡಿರೇಖೆ ಇರುವಲ್ಲಿ ಸುತ್ತಲೂ ಧೂಳಿನಂಥ ಕಲೆಗಳು ಏಳುತ್ತವೆ, ಪ್ರತಿ ಬಾರಿ ತೆರೆದು ಮತ್ತೆ ಉಳಿಸಿದಾಗಲೂ ಅವು ಹೆಚ್ಚುತ್ತವೆ. ಹಿನ್ನೆಲೆಯಲ್ಲಿ ಉಪಗ್ರಹ ಚಿತ್ರವಿದ್ದರೆ ಮಾತ್ರ ಕಡತದ ಗಾತ್ರದ ದೃಷ್ಟಿಯಿಂದ ಜೆಪೆಗ್ ಯೋಚಿಸಬಹುದು. ಮೊಬೈಲಿನ ಸಂದೇಶದ ಆ್ಯಪ್ ಮೂಲಕ ಕಳುಹಿಸುವುದಾದರೆ ಫೋಟೊ ಎಂದಲ್ಲದೆ ಡಾಕ್ಯುಮೆಂಟ್ ಎಂದು ಸೇರಿಸಬೇಕು. ಇಲ್ಲದಿದ್ದರೆ ಇಷ್ಟೆಲ್ಲ ಮಾಡಿದ ಮೇಲೂ ಅದು ದಾರಿಯಲ್ಲಿ ಕುಗ್ಗಿ ಹೋಗಿರುತ್ತದೆ.

ಹಿನ್ನೆಲೆಯ ನಕ್ಷೆಯದು ಬೇರೆಯದೇ ಕಥೆ. ನಾನು ಮೊದಲಿಗೆ ಜನರೇ ಸೇರಿ ಕಟ್ಟಿದ ಮುಕ್ತ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನ ಸಿದ್ಧ ಬಿಲ್ಲೆಗಳನ್ನು ಹಿನ್ನೆಲೆಗೆ ಹಾಸಿದ್ದೆ. ಅವು ತಲಾ 256 ಪಿಕ್ಸೆಲ್ ಉದ್ದಗಲದ ಚಿತ್ರಗಳು, ಅಕ್ಷರಗಳು ಅವುಗಳಲ್ಲಿ ಮೊದಲೇ ಅಚ್ಚಾಗಿರುತ್ತವೆ. 1:1,00,000 ಪ್ರಮಾಣದಲ್ಲಿ 96 ಡಿಪಿಐ ಆದರೆ ಒಂದು ಪಿಕ್ಸೆಲ್ ಎಂದರೆ ನೆಲದ ಮೇಲೆ 26 ಮೀಟರ್, 300 ಡಿಪಿಐ ಆದರೆ ಎಂಟೂವರೆ ಮೀಟರ್. ಅಷ್ಟು ವಿವರ ಬೇಕೆಂದು ಕೇಳಿದಾಗ ತಂತ್ರಾಂಶ ಇನ್ನೂ ಹತ್ತಿರದಿಂದ ನೋಡಿದ ಬಿಲ್ಲೆಗಳನ್ನು ತರಿಸಿಕೊಳ್ಳುತ್ತದೆ, ಅವುಗಳ ಮೇಲಿನ ಅಕ್ಷರಗಳು ಹಾಳೆಯ ಮೇಲೆ ಮೂರನೆಯ ಒಂದು ಭಾಗಕ್ಕೆ ಕುಗ್ಗುತ್ತವೆ. ಪರದೆಯಲ್ಲಿ ಚೆನ್ನಾಗಿ ಕಂಡ ಹಿನ್ನೆಲೆ ಚಿತ್ರದಲ್ಲಿ ಬೇರೆಯೇ ಆಗಿ ಬರುವುದಕ್ಕೆ ಕಾರಣ ಇದು. ನಾನು ಬಿಲ್ಲೆಗಳನ್ನು ತೆಗೆದುಹಾಕಿ, ಅದೇ ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ರಸ್ತೆ, ಕೆರೆ, ಊರುಗಳ ಮೂಲ ದತ್ತಾಂಶವನ್ನೇ ಇಳಿಸಿಕೊಂಡು ನನಗೆ ಬೇಕಾದ ಗೆರೆಗಳಲ್ಲಿ ಬಿಡಿಸಿದೆ. ಕನ್ನಡ ಹೆಸರು ಇರುವ ಕಡೆ ಅದನ್ನು, ಇಲ್ಲದ ಕಡೆ ಇಂಗ್ಲಿಷ್ ಹೆಸರನ್ನು ತೋರಿಸು ಎಂದು ಒಂದು ಸಾಲಿನ ಸೂತ್ರ ಬರೆದರೆ ಸಾಕು. ಇಂಗ್ಲಿಷ್ ಉಳಿದ ಕಡೆಯೆಲ್ಲ ನಾನೇ ಕನ್ನಡದ ಹೆಸರು ತುಂಬಿದೆ. ದತ್ತಾಂಶ ಓಪನ್‌ಸ್ಟ್ರೀಟ್‌ಮ್ಯಾಪ್ ಕೊಡುಗೆದಾರರದು ಎಂಬ ಸಾಲನ್ನು ಚಿತ್ರದ ಮೂಲೆಯಲ್ಲಿಯೇ ಸೇರಿಸಿದೆ. ಅವರ ಪರವಾನಗಿ ಅದನ್ನು ಬೇಡುತ್ತದೆ, ಅಡಿಬರಹದಲ್ಲಿ ಹಾಕಿದರೆ ಚಿತ್ರ ಒಂಟಿಯಾಗಿ ಊರೂರು ಸುತ್ತುವಾಗ ಅದು ಜೊತೆಗೆ ಹೋಗುವುದಿಲ್ಲ.

ಬಿಲ್ಲೆಗಳು ಹೋದ ಮೇಲೆ ಅವು ಬಿಟ್ಟುಹೋದ ವೆಬ್ ಮರ್ಕೇಟರ್ ಪ್ರಕ್ಷೇಪಣದ (ದುಂಡು ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವ ಒಂದು ವಿಧಾನ) ಅಗತ್ಯವೂ ಉಳಿಯಲಿಲ್ಲ. ಆ ಪ್ರಕ್ಷೇಪಣದಲ್ಲಿ ಭೂಮಧ್ಯರೇಖೆಯಿಂದ ದೂರ ಸರಿದಷ್ಟೂ ನೆಲ ಹಿಗ್ಗಿ ಕಾಣುತ್ತದೆ. ಕೋಲಾರದ 13 ಡಿಗ್ರಿ ಅಕ್ಷಾಂಶದಲ್ಲಿ ಆ ಹಿಗ್ಗು ಶೇಕಡಾ 2.6ರಷ್ಟು, ಅಂದರೆ ಲೇಔಟ್ 1:1,00,000 ಎಂದು ಹೇಳಿದಾಗ ನಿಜವಾದ ಪ್ರಮಾಣ ಸುಮಾರು 1:97,400. ಅದಕ್ಕೆ ಬದಲು ಭೂಮಿಯನ್ನು 6 ಡಿಗ್ರಿ ಅಗಲದ ವಲಯಗಳಾಗಿ ಹಂಚುವ ಯುಟಿಎಂ ಪ್ರಕ್ಷೇಪಣವನ್ನು ಬಳಸೋಣವೆಂದರೆ ನಮ್ಮ ಪ್ರದೇಶದ ಹಣೆಬರಹ ನೋಡಿ: 43 ಮತ್ತು 44ನೆಯ ವಲಯಗಳನ್ನು ಬೇರ್ಪಡಿಸುವ 78 ಡಿಗ್ರಿ ರೇಖಾಂಶ ಮಾಲೂರಿಗೂ ಕೋಲಾರಕ್ಕೂ ನಡುವೆಯೇ ಹಾದುಹೋಗುತ್ತದೆ. ಮಾಲೂರು 43ರಲ್ಲಿ, ಕೋಲಾರ 44ರಲ್ಲಿ. ಎರಡು ದಿನ ತಲೆ ಕೆಡಿಸಿಕೊಂಡು, ವಲಯದ ಅಂಚನ್ನು ಕೆಲವು ಕಿಲೋಮೀಟರ್ ದಾಟಿದರೆ ಆಗುವ ವ್ಯತ್ಯಾಸ ಶೇಕಡಾ 0.1ರ ಆಸುಪಾಸು ಎಂದು ಲೆಕ್ಕ ಹಾಕಿದ ಮೇಲೆ, ಇಡೀ ನಕ್ಷೆಗೆ 44ನೆಯ ವಲಯವನ್ನೇ ಕೊಟ್ಟೆ.

ಇಷ್ಟಾದರೂ ‘1:1,00,000’ ಎಂಬ ಅಂಕಿಯನ್ನು ನಕ್ಷೆಯ ಮೇಲೆ ನಾನು ಬರೆಯಲಿಲ್ಲ. ಪುಟದಲ್ಲಿ ಎರಡು ಸಾಲು ಹೆಚ್ಚಾದರೆ ಚಿತ್ರವನ್ನು ಸ್ವಲ್ಪ ಕುಗ್ಗಿಸುವುದು ಪುಟವಿನ್ಯಾಸದವರ ಸಹಜ ಧರ್ಮ, ಆ ಕ್ಷಣವೇ ಅಂಕಿ ಸುಳ್ಳಾಗುತ್ತದೆ. ಕಿಲೋಮೀಟರ್‌ಗಳನ್ನು ಗುರುತಿಸಿದ ಸ್ಕೇಲ್ ಬಾರ್ ಆದರೆ ಚಿತ್ರದ ಜೊತೆಗೇ ಕುಗ್ಗಿ ಹಿಗ್ಗುತ್ತದೆ, ಸುಳ್ಳಾಡುವುದಿಲ್ಲ.

ಕೊನೆಗೆ ಎಕ್ಸ್‌ಪೋರ್ಟ್ ಕಿಟಕಿ. ಲೇಔಟಿನಲ್ಲಿ 300 ಎಂಬುದು ಮೊದಲೇ ತುಂಬಿರುತ್ತದೆ. ಪುಟದ ಅಗಲ 1299, ಎತ್ತರ 2008 ಎಂದು ಅದರ ಕೆಳಗೆ ತೋರಿತು. ‘ಕ್ರಾಪ್ ಟು ಕಂಟೆಂಟ್’ ಎಂಬುದನ್ನು ಆರಿಸಿದರೆ ಸುತ್ತಲಿನ ಖಾಲಿ ಜಾಗ ಕತ್ತರಿಸಿ ಹೋಗುತ್ತದೆ. ಹಾಳೆಯ ಗಾತ್ರವನ್ನು ಲೆಕ್ಕ ಹಾಕಿ ಕೊಟ್ಟವರಿಗೆ ಅದು ಬೇಡ. ಆ್ಯಂಟಿ ಏಲಿಯಾಸಿಂಗ್ ಗೆರೆಗಳ ಅಂಚನ್ನು ನಯಗೊಳಿಸುತ್ತದೆ, ಅದಿರಲಿ. ಆಮೇಲೆ ಚಿತ್ರದ ಬಣ್ಣಗಳನ್ನು ಎಣಿಸುವ ಕೆಲಸವಿದ್ದವರು ಮಾತ್ರ ತೆಗೆಯಬೇಕು, ಏಕೆಂದರೆ ಅದು ಅಂಚುಗಳಲ್ಲಿ ನಕ್ಷೆಯಲ್ಲಿ ಇಲ್ಲದ ನಡುವಿನ ಬಣ್ಣಗಳನ್ನು ಹುಟ್ಟಿಸುತ್ತದೆ. ಪುಸ್ತಕದ ಒಳಪುಟಗಳು ಕಪ್ಪು ಬಿಳುಪು ಆದ್ದರಿಂದ, ಚಿತ್ರವಾಗಿಸುವ ಮೊದಲು ವ್ಯೂ ಮೆನುವಿನ ಪ್ರಿವ್ಯೂನಲ್ಲಿ ಬೂದು ಛಾಯೆಯಲ್ಲಿ ನೋಡಿದೆ. ಕೆರೆಯ ನೀಲಿಯೂ ಅಚ್ಚುಕಟ್ಟಿನ ಹಸಿರೂ ಒಂದೇ ಬೂದಿಯಾಗಿ ಕಂಡಾಗ ಅಚ್ಚುಕಟ್ಟಿಗೆ ಓರೆಗೆರೆಗಳನ್ನು ಹಾಕಿದೆ.

ಎಲ್ಲ ಮುಗಿದ ಮೇಲೆ ಮುಖಪುಟಕ್ಕೆಂದು ಎರಡನೆಯ ನಕ್ಷೆ ಮಾಡಲು ಕೆಲವು ಪದರಗಳನ್ನು ಮರೆಮಾಡಿದಾಗ ಮೊದಲ ಲೇಔಟಿನಿಂದಲೂ ಅವು ಮಾಯವಾದವು. ಲೇಔಟಿನ ನಕ್ಷೆ ಮುಖ್ಯ ಪರದೆಯನ್ನೇ ಹಿಂಬಾಲಿಸುತ್ತದೆ. ‘ಲಾಕ್ ಲೇಯರ್ಸ್’, ಅದರ ಜೊತೆಗೆ ‘ಲಾಕ್ ಸ್ಟೈಲ್ಸ್’ ಎರಡನ್ನೂ ಆರಿಸಿಟ್ಟರೆ ಅದು ಇದ್ದಲ್ಲಿಯೇ ನಿಲ್ಲುತ್ತದೆ.

ಪುಸ್ತಕದ ಬಿಡುಗಡೆಗೆ ಅದೇ ನಕ್ಷೆಯನ್ನು 6 ಅಡಿ ಅಗಲ, 4 ಅಡಿ ಎತ್ತರದ ಫ್ಲೆಕ್ಸ್ ಮಾಡಿಸೋಣವೆಂದು ಗೆಳೆಯರು ಹೊರಟರು. ಅಭ್ಯಾಸಬಲದಿಂದ 300 ಕೊಟ್ಟೆ, ನನ್ನ ಹಳೆಯ ಲ್ಯಾಪ್‌ಟಾಪ್ ನೆನಪು (ಮೆಮೊರಿ) ಸಾಲದೆಂದು ಕೈಚೆಲ್ಲಿತು. ಲೆಕ್ಕ ಹಾಕಿದರೆ 21,600 ಪಿಕ್ಸೆಲ್ ಅಗಲ, 14,400 ಪಿಕ್ಸೆಲ್ ಎತ್ತರ. ಪಿಕ್ಸೆಲ್ಲಿಗೆ 4 ಬೈಟ್ ಎಂದರೂ ಆ ಒಂದು ಚಿತ್ರವೇ ಸುಮಾರು 1.2 ಗಿಗಾಬೈಟ್. ಹತ್ತಡಿ ದೂರದಿಂದ ನೋಡುವ ಫ್ಲೆಕ್ಸಿಗೆ 100 ಧಾರಾಳ ಸಾಕು, ಅದರಲ್ಲಿ ನೆನಪಿನ ಬೇಡಿಕೆ ಒಂಬತ್ತನೆಯ ಒಂದು ಪಾಲಿಗೆ ಇಳಿಯುತ್ತದೆ. ಹಾಳೆಯ ಗಾತ್ರ ಬದಲಾದದ್ದರಿಂದ ಅಕ್ಷರಗಳನ್ನೂ ಗೆರೆಗಳನ್ನೂ ಮತ್ತೆ ಮೊದಲಿನಿಂದ ಅಳೆದು ಕೊಡಬೇಕಾಯಿತು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಚಿತ್ರವಾಗಿಸುವಾಗ ‘ವರ್ಲ್ಡ್ ಫೈಲ್’ ಎಂಬುದನ್ನೂ ಆರಿಸಿದ್ದೆ. ಅದು ಆರೇ ಸಾಲುಗಳ ಪುಟ್ಟ ಕಡತ. ಒಂದು ಪಿಕ್ಸೆಲ್ ನೆಲದ ಮೇಲೆ ಎಷ್ಟು ಮೀಟರ್, ಚಿತ್ರ ಎಷ್ಟು ತಿರುಗಿದೆ, ಮೇಲಿನ ಎಡಮೂಲೆಯ ಪಿಕ್ಸೆಲ್ ಎಲ್ಲಿ ಕೂರುತ್ತದೆ ಎಂಬಷ್ಟನ್ನು ಮಾತ್ರ ಹೇಳುತ್ತದೆ. ಯಾವ ಪ್ರಕ್ಷೇಪಣವೆಂದು ಹೇಳುವುದಿಲ್ಲ. ಆದ್ದರಿಂದ ಆ ಪ್ರಕ್ಷೇಪಣದ ಸಂಕೇತವಾದ 32644 ಎಂಬ ಅಂಕಿಯನ್ನು ಚಿತ್ರದ ಹೆಸರಿನಲ್ಲಿಯೇ ಸೇರಿಸಿಟ್ಟೆ. ಮುಂದೆಂದಾದರೂ ಬತ್ತಿದ ಕೆರೆ ತುಂಬಿದಾಗ ಈ ಚಿತ್ರವನ್ನೇ ಮತ್ತೆ ತಂತ್ರಾಂಶದೊಳಗೆ ಹಾಸಿ ಹೋಲಿಸಿ ನೋಡಬಹುದು ಎಂಬುದು ನನ್ನ ಆಲೋಚನೆ. ಚಿತ್ರಕ್ಕೂ ಈ ಕಡತಕ್ಕೂ ಹೆಸರು ಒಂದೇ ಇರಬೇಕು, ಎರಡೂ ಒಂದೇ ಫೋಲ್ಡರಿನಲ್ಲಿರಬೇಕು. ಎರಡನ್ನೂ ಜೋಪಾನವಾಗಿ ಹುಡುಗನಿಗೆ ಕಳುಹಿಸಿದೆ. ಪುಸ್ತಕ ಮುಗಿದ ಮೇಲೆ ಅವನು ಹಿಂದಿರುಗಿಸಿದ ಫೋಲ್ಡರಿನಲ್ಲಿ ಚಿತ್ರದ ಹೆಸರು ‘ಕೆರೆ ಫೈನಲ್ ಹೊಸದು 2’ ಎಂದಾಗಿತ್ತು, ಆ ಆರು ಸಾಲಿನ ಕಡತ ತನ್ನ ಹಳೆಯ ಹೆಸರಿನಲ್ಲಿಯೇ ಪಕ್ಕದಲ್ಲಿ ಸುಮ್ಮನೆ ಕುಳಿತಿತ್ತು.